2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್: ವಿಝಾರ್ಡ್ ಮಂತ್ರ ಕಲಿಯುವ ನಿಯಮಕ್ಕಾಗಿಯೇ ಕೊಳ್ಳಬಹುದಾ?

ಡಂಜನ್ಸ್ ಅಂಡ್ ಡ್ರಾಗನ್ಸ್ (ಡಿ ಅಂಡ್ ಡಿ) ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಅದರ ನಿಯಮಗಳ ಪುಸ್ತಕವಾದ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಗ್ಗೆ ಈಗಾಗಲೇ ಬೇಕಾದಷ್ಟು ಜನ ಬರೆದಿದ್ದಾರೆ. 384 ಪುಟ, 12 ಕ್ಲಾಸ್ (ಪಾತ್ರದ ಬಗೆ), 48 ಸಬ್‌ಕ್ಲಾಸ್ (ಅದರ ಒಳಬಗೆ), ಚಿತ್ರಗಳು ಭರ್ಜರಿ, ಎಲ್ಲ ನಿಜ. ನಾನು ಅದರಲ್ಲಿ ಒಂದೇ ಒಂದು ವಿಷಯ ಹಿಡಿದುಕೊಂಡು ಬರೆಯುತ್ತೇನೆ. ವಿಝಾರ್ಡ್ ಅನ್ನುವ ಮಾಂತ್ರಿಕ ಹೊಸ ಮಂತ್ರ ಕಲಿಯುವುದು ಹೇಗೆ ಅನ್ನುವ ನಿಯಮ. ಪುಸ್ತಕದಲ್ಲಿ ಅದು ಕೆಲವೇ ಪ್ಯಾರಾ. ಆದರೆ ನಮ್ಮ ಟೇಬಲ್‌ನಲ್ಲಿ ಅತಿ ಜಾಸ್ತಿ ಜಗಳ, ಅತಿ ಜಾಸ್ತಿ ಲೆಕ್ಕಾಚಾರ, ಅತಿ ಜಾಸ್ತಿ ಖುಷಿ ಹುಟ್ಟಿರುವುದು ಆ ನಾಲ್ಕು ಪ್ಯಾರಾದಿಂದಲೇ. ಆ ನಿಯಮ ಚೆನ್ನಾಗಿದೆ, ಹಳೆಯದಕ್ಕಿಂತ ಚೆನ್ನಾಗಿದೆ. ಆದರೆ ಆ ಮಂತ್ರಗಳು ಎಲ್ಲಿಂದ ಸಿಗಬೇಕು ಅನ್ನುವ ಕಡೆ ಪುಸ್ತಕ ಕೈ ಬಿಟ್ಟಿದೆ. ಎರಡನ್ನೂ ಹೇಳುತ್ತೇನೆ.

ನಾವು ಆಡುವುದು ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ, ಭಾನುವಾರ ಮಧ್ಯಾಹ್ನ. ಪುಸ್ತಕ ಇಂಗ್ಲಿಷಿನದು, ಆಟ ಮಾತ್ರ ಪೂರ್ತಿ ಕನ್ನಡದಲ್ಲಿ. ಚಿನ್ನದ ನಾಣ್ಯಕ್ಕೆ ವರಹ ಅಂತೀವಿ, ಉಳಿದ ಪದಗಳು ಹೇಗಿವೆಯೋ ಹಾಗೇ. ನಾನು ಆಡುವುದು ಫೈಟರ್, ಅಂದರೆ ಯೋಧ. ವಿಝಾರ್ಡ್ ಆಡುವವಳು ಮಂಡಿಪೇಟೆಯ ವ್ಯಾಪಾರದ ಮನೆಯ ಹುಡುಗಿ. ಅವಳ ವಿಝಾರ್ಡ್‌ನ ಮಂತ್ರಗಳಿಗೆ ಪಾರ್ಟಿ (ನಮ್ಮ ಪಾತ್ರಗಳ ತಂಡ) ದುಡ್ಡು ಹೋಗುವುದರಿಂದ ಈ ನಿಯಮದ ಬಿಸಿ ನನಗೂ ನೇರವಾಗಿ ತಟ್ಟುತ್ತದೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಈ ಆಟದಲ್ಲಿ ಮಂತ್ರ ಹಾಕುವ ಕ್ಲಾಸ್‌ಗಳು ಹಲವು ಇವೆ. ಕ್ಲೆರಿಕ್‌ಗೆ ದೇವರ ಕೃಪೆ. ಹೋಟೆಲ್‌ನಲ್ಲಿ ಮೆನು ಕೈಗೆ ಕೊಟ್ಟ ಹಾಗೆ ಕ್ಲೆರಿಕ್‌ನ ಪೂರ್ತಿ ಪಟ್ಟಿ ಮುಂದೆ ಇರುತ್ತದೆ, ತನ್ನ ಲೆವೆಲ್‌ಗೆ (ಪಾತ್ರ ಬೆಳೆದ ಮಟ್ಟ) ಎಟುಕುವುದರಲ್ಲಿ ದಿನಾ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಸಾರ್ಸರರ್‌ಗೆ ಮಂತ್ರ ರಕ್ತದಲ್ಲೇ ಬಂದಿರುತ್ತದೆ, ಆದರೆ ಅವನಿಗೆ ಗೊತ್ತಿರುವುದು ಕೆಲವೇ, ಲೆವೆಲ್ ಏರಿದಾಗ ಒಂದನ್ನು ಬದಲಾಯಿಸಿಕೊಳ್ಳಬಹುದು ಅಷ್ಟೇ. ವಿಝಾರ್ಡ್ ಕಥೆ ಬೇರೆ. ಅವನು ಓದಿ ಕಲಿತವನು. ಅವನ ಹತ್ತಿರ ಒಂದು ಸ್ಪೆಲ್‌ಬುಕ್ ಇರುತ್ತದೆ, ಅದರಲ್ಲಿ ಬರೆದಿರುವುದಷ್ಟೇ ಅವನ ಆಸ್ತಿ. ಎಲ್ಲೋ ಒಂದು ಹೊಸ ಮಂತ್ರ ಸಿಕ್ಕಿದರೆ ಅದನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳಬಹುದು. ಹೀಗೆ ಲೋಕದಲ್ಲಿ ಹುಡುಕಿ ತಂದು ತನ್ನ ಶಕ್ತಿ ಬೆಳೆಸಿಕೊಳ್ಳುವುದು ವಿಝಾರ್ಡ್‌ನ ಮೂಲ ಗುಣ. ಬೇರೆಯವರು ಲೆವೆಲ್ ಏರಲಿ ಅಂತ ಕಾಯುತ್ತಾರೆ, ವಿಝಾರ್ಡ್ ಮುಂದಿನ ಕೋಣೆಯಲ್ಲಿ ಕಪಾಟು ಇದೆಯಾ ಅಂತ ಕೇಳುತ್ತಾನೆ. ಈ ಹಂಬಲವೇ ನನಗೆ ಈ ಕ್ಲಾಸ್‌ನಲ್ಲಿ ತುಂಬ ಇಷ್ಟ. ಅದನ್ನು ಉಳಿಸಿಕೊಂಡಿದೆಯಾ ಅನ್ನುವುದರ ಮೇಲೇ ನಾನು ಈ ಪುಸ್ತಕವನ್ನು ಅಳೆಯುತ್ತೇನೆ.

ಈಗ ನಿಯಮಕ್ಕೆ ಬರೋಣ. ಒಂದನೇ ಲೆವೆಲ್‌ನಲ್ಲಿ ಸ್ಪೆಲ್‌ಬುಕ್‌ನಲ್ಲಿ 6 ಮಂತ್ರ ಇರುತ್ತವೆ. ಪ್ರತಿ ಲೆವೆಲ್ ಏರಿದಾಗ 2 ಮಂತ್ರ ಪುಕ್ಕಟೆ ಸೇರುತ್ತವೆ, ಅದು ವಿಝಾರ್ಡ್ ಬಿಡುವಿನಲ್ಲಿ ಮಾಡಿದ ಅಧ್ಯಯನದ ಫಲ ಅಂತ ಲೆಕ್ಕ. 20ನೇ ಲೆವೆಲ್ ಮುಟ್ಟುವಷ್ಟರಲ್ಲಿ ಹೀಗೆ 44 ಆಗುತ್ತವೆ. ಅದರಾಚೆ ಬೇಕು ಅಂದರೆ ಹುಡುಕಬೇಕು, ಸಿಕ್ಕಿದ್ದನ್ನು ನಕಲು ಮಾಡಿಕೊಳ್ಳಬೇಕು. ಪಾತ್ರದ ಲೆವೆಲ್ ಬೇರೆ, ಮಂತ್ರದ ಲೆವೆಲ್ ಬೇರೆ. ಮಂತ್ರದ ಒಂದೊಂದು ಲೆವೆಲ್‌ಗೆ 2 ಗಂಟೆ ಮತ್ತು 50 ವರಹ. ಫೈರ್‌ಬಾಲ್ 3ನೇ ಲೆವೆಲ್ ಮಂತ್ರ, ಅಂದರೆ 6 ಗಂಟೆ, 150 ವರಹ. 9ನೇ ಲೆವೆಲ್ ಮಂತ್ರಕ್ಕೆ 18 ಗಂಟೆ, 450 ವರಹ. ವಿಝಾರ್ಡ್ ಪಟ್ಟಿಯ ಮಂತ್ರ ಆಗಿರಬೇಕು, ನಿಮಗೆ ತಯಾರಿ ಮಾಡಿಕೊಳ್ಳೋಕೆ (ಆ ದಿನದ ಬಳಕೆಗೆ ಆರಿಸಿಟ್ಟುಕೊಳ್ಳೋಕೆ) ಆಗುವ ಲೆವೆಲ್‌ನದ್ದಾಗಿರಬೇಕು, ಅಷ್ಟೇ ಷರತ್ತು. ಬೇರೊಬ್ಬರ ಪುಸ್ತಕದಿಂದ ಇಳಿಸಿಕೊಳ್ಳುವಾಗ ದಾಳ ಉರುಳಿಸಬೇಕಾಗಿಲ್ಲ, ದುಡ್ಡು ಮತ್ತು ಸಮಯ ಇದ್ದರೆ ಮುಗಿಯಿತು.

ನಮ್ಮ ವಿಝಾರ್ಡ್ ಹುಡುಗಿ ಇದನ್ನೆಲ್ಲ ಬರೆದಿಡುವುದು ಅವರಪ್ಪನ ಅಂಗಡಿಯ ಕೆಂಪು ಬಟ್ಟೆ ಕಟ್ಟಿನ ಖಾತೆ ಪುಸ್ತಕದಲ್ಲಿ. ಉದ್ದನೆಯದು, ಮಡಚಿ ದಾರ ಸುತ್ತಿಡುವಂಥದ್ದು. ಎಡಗಡೆ ಮಂತ್ರದ ಹೆಸರು, ಅದು ಎಲ್ಲಿ ಸಿಕ್ಕಿತು, ಯಾರಿಂದ ಬಂತು. ಬಲಗಡೆ ಖರ್ಚು. "ಡಿಟೆಕ್ಟ್ ಮ್ಯಾಜಿಕ್, ಹಾಳು ಮಠದ ಕಪಾಟಿನಿಂದ, 50 ವರಹ, 2 ಗಂಟೆ, ದುಡ್ಡು ಫೈಟರ್ ಕೊಟ್ಟಿದ್ದು, ಬಾಕಿ." ಆ ಬಾಕಿ ಅನ್ನುವ ಪದದ ಕೆಳಗೆ ಎರಡು ಗೆರೆ. ಬಲಗಡೆಯ ಅಂಕಿಗಳನ್ನು ಪ್ರತಿ ಪುಟದ ಕೊನೆಗೆ ಕೂಡಿಸಿ ಮುಂದಿನ ಪುಟಕ್ಕೆ ಒಯ್ಯುತ್ತಾಳೆ. ಇದನ್ನು ಯಾವ ಆ್ಯಪ್‌ನಲ್ಲೂ ನೋಡೋಕೆ ಆಗಲ್ಲ. ಪುಟ ತಿರುಗಿಸಿದರೆ ಇಡೀ ಸಾಹಸದ ಇತಿಹಾಸ ಅಲ್ಲಿದೆ. ಯಾವ ಕ್ಲಾಸ್ ಆಡುವವರ ಶೀಟ್‌ನಲ್ಲೂ ಹೀಗೆ ಕಥೆ ಕೂಡಿಕೊಳ್ಳುವುದಿಲ್ಲ. ಅದಕ್ಕೆ ಕಾರಣ ನೇರವಾಗಿ ಈ ನಿಯಮ. ಪ್ರತಿ ಮಂತ್ರಕ್ಕೂ ಒಂದು ಮೂಲ ಇದೆ, ಒಂದು ಬೆಲೆ ಇದೆ.

ಹಳೆಯ ನಿಯಮ ನೋಡಿದರೆ ಇಂದಿನದು ಎಷ್ಟು ಸುಧಾರಿಸಿದೆ ಗೊತ್ತಾಗುತ್ತದೆ. 1978ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಬರೆದ ಅಡ್ವಾನ್ಸ್ಡ್ ಆವೃತ್ತಿಯ ಹ್ಯಾಂಡ್‌ಬುಕ್‌ನಲ್ಲಿ ಬುದ್ಧಿಮಟ್ಟಕ್ಕೆ ಒಂದು ಪಟ್ಟಿ ಇತ್ತು. ಇಂಟೆಲಿಜೆನ್ಸ್ 9 ಇದ್ದರೆ ಒಂದು ಮಂತ್ರ ಅರ್ಥವಾಗುವ ಸಾಧ್ಯತೆ ಶೇ. 35. 15 ಇದ್ದರೆ ಶೇ. 65. 18 ಇದ್ದರೂ ಶೇ. 85 ಮಾತ್ರ. ಪ್ರತಿ ಮಂತ್ರಕ್ಕೂ ದಾಳ ಉರುಳಿಸಬೇಕು. ಸೋತರೆ ಆ ಮಂತ್ರ ನಿಮ್ಮ ತಲೆಗೆ ಹತ್ತುವುದಿಲ್ಲ ಅಂತಲೇ ಲೆಕ್ಕ. ಒಂದೊಂದು ಲೆವೆಲ್‌ನಲ್ಲಿ ಎಷ್ಟು ಮಂತ್ರ ತಿಳಿದಿರಬಹುದು ಅನ್ನೋದಕ್ಕೂ ಮಿತಿ ಇತ್ತು, ಬುದ್ಧಿ 9ಕ್ಕೆ ಹೆಚ್ಚೆಂದರೆ 6, 18ಕ್ಕೆ 18. ಆರಂಭದಲ್ಲಿ ಸಿಗುವ ಮಂತ್ರಗಳಲ್ಲಿ ರೀಡ್ ಮ್ಯಾಜಿಕ್ ಖಾಯಂ. ಉಳಿದ ಮೂರು, ದಾಳಿಗೆ ಒಂದು, ರಕ್ಷಣೆಗೆ ಒಂದು, ಇತರೆ ಒಂದು, ಅವೂ ದಾಳದ ಮೇಲೆ. ನಮ್ಮ ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು) ಅಣ್ಣ ಇದರ ಅಭಿಮಾನಿ. "ಎಲ್ಲರಿಗೂ ಎಲ್ಲಾ ಸಿಕ್ಕಿದರೆ ಇಬ್ಬರು ವಿಝಾರ್ಡ್‌ಗಳ ನಡುವೆ ವ್ಯತ್ಯಾಸ ಏನು ಉಳೀತು?" ಅಂತ ಕೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ಒಬ್ಬನಿಗೆ ಫೈರ್‌ಬಾಲ್ ಬರುವುದೇ ಇಲ್ಲ ಅಂದಾಗ ಅವನು ಬೇರೆ ದಾರಿ ಹುಡುಕುತ್ತಾನೆ, ಅವನ ವಿಝಾರ್ಡ್‌ಗೆ ಒಂದು ಸ್ವಂತ ಮುಖ ಬರುತ್ತದೆ. ಆದರೆ ತಿಂಗಳುಗಟ್ಟಲೆ ಹುಡುಕಿ, ಪ್ರಾಣ ಪಣಕ್ಕಿಟ್ಟು ತಂದ ಮಂತ್ರವನ್ನು ಒಂದೇ ಉರುಳಿನಲ್ಲಿ ಕಳೆದುಕೊಳ್ಳುವುದು ಆಡುವವರಿಗೆ ಅನ್ಯಾಯ. ಹುಡುಕಾಟಕ್ಕೆ ಬೆಲೆ ಇರಬೇಕು ಅಂದರೆ ಹುಡುಕಿದವನಿಗೆ ಸಿಗಬೇಕು.

2000ದ ಮೂರನೇ ಆವೃತ್ತಿ ಸ್ವಲ್ಪ ಸಡಿಲ ಮಾಡಿತು. ಸ್ಪೆಲ್‌ಕ್ರಾಫ್ಟ್ ಅನ್ನುವ ಕೌಶಲ್ಯದಲ್ಲಿ 15 ಮತ್ತು ಮಂತ್ರದ ಲೆವೆಲ್ ಕೂಡಿಸಿದಷ್ಟು ಬರಬೇಕು, ಸೋತರೆ ಆ ಕೌಶಲ್ಯ ಇನ್ನೊಂದು ಮೆಟ್ಟಿಲು ಏರಿದ ಮೇಲೆ ಮತ್ತೆ ಪ್ರಯತ್ನಿಸಬಹುದು. ಬರೆಯೋಕೆ ಪುಟಕ್ಕೆ 100 ವರಹ, 2003ರ 3.5 ಪರಿಷ್ಕರಣೆಯಲ್ಲಿ ಮಂತ್ರದ ಲೆವೆಲ್ ಎಷ್ಟೋ ಅಷ್ಟು ಪುಟ. 2014ರ ಐದನೇ ಆವೃತ್ತಿ ಪುಸ್ತಕದಿಂದ ಪುಸ್ತಕಕ್ಕೆ ಇಳಿಸುವಾಗಿನ ದಾಳವನ್ನೇ ತೆಗೆದುಹಾಕಿತು, ಬೆಲೆಯನ್ನೂ ಅರ್ಧ ಮಾಡಿತು. 2024 ಅದನ್ನೇ ಉಳಿಸಿಕೊಂಡಿದೆ. ಇದು ಸರಿಯಾದ ತೀರ್ಮಾನ ಅಂತ ನನ್ನ ದೃಢ ನಂಬಿಕೆ.

ಆದರೆ 2024ರಲ್ಲಿ ಒಂದು ಸಣ್ಣ ಸಾಲು ಸೇರಿಕೊಂಡಿದೆ. ಎಷ್ಟೋ ಜನ ಅದನ್ನು ಗಮನಿಸಿಯೇ ಇಲ್ಲ. ಸ್ಪೆಲ್‌ಬುಕ್ ಅಂದರೆ ಏನು ಅಂತ ವಿವರಿಸುವಾಗ, ತೂಕ 3 ಪೌಂಡ್, ಪುಟ 100 ಅಂತ ಹೇಳಿ, ಅದನ್ನು ಓದೋಕೆ ಆಗುವುದು ಅದರ ಒಡೆಯನಿಗೆ ಅಥವಾ ಐಡೆಂಟಿಫೈ (ವಸ್ತುವಿನ ಗುಟ್ಟು ತಿಳಿಸುವ) ಮಂತ್ರ ಹಾಕುವವನಿಗೆ ಮಾತ್ರ ಅಂದಿದ್ದಾರೆ. 2014ರಲ್ಲಿ ಹೀಗಿರಲಿಲ್ಲ, ಬೇರೆಯವರ ಬರವಣಿಗೆಯನ್ನು ಬಿಡಿಸಿಕೊಳ್ಳುವುದು ಆ 2 ಗಂಟೆಯ ಕೆಲಸದಲ್ಲೇ ಸೇರಿತ್ತು. ಈ ಒಂದು ಸಾಲು ನಮ್ಮ ಟೇಬಲ್‌ನಲ್ಲಿ ಏನು ಮಾಡಿತು ಅಂತ ಹೇಳಲೇಬೇಕು.

ನಮ್ಮ ಡಿಎಂ ಅಣ್ಣ ಒಂದು ಸಾಹಸವನ್ನು ಚಿತ್ರದುರ್ಗದ ಕೋಟೆ ಮೇಲೆ ಕಟ್ಟಿದ್ದರು. ಏಳು ಸುತ್ತು, ಓಬವ್ವನ ಕಿಂಡಿ, ತುಪ್ಪದ ಕೊಳ, ಮದ್ದು ಬೀಸುವ ಕಲ್ಲು, ಎಲ್ಲಾ ಹಾಗೇ, ಕಾಲ ಮಾತ್ರ ಮಾಟಗಾರರದು. ದಾವಣಗೆರೆಯಿಂದ ಗಂಟೆಯ ದಾರಿ, ನಮ್ಮಲ್ಲಿ ಕೋಟೆ ಹತ್ತದವರು ಯಾರೂ ಇಲ್ಲ, ಹಾಗಾಗಿ ನಕ್ಷೆ ಬೇಕಾಗಲೇ ಇಲ್ಲ. ಟಂಕಸಾಲೆಯ ಹಾಳು ಗೋಡೆಯ ಒಂದು ಕಲ್ಲಿನ ಹಿಂದೆ ಸತ್ತ ಮಾಂತ್ರಿಕನ ಪುಸ್ತಕ ಸಿಕ್ಕಿತು. ನಾವು ಆಗ 5ನೇ ಲೆವೆಲ್. ವಿಝಾರ್ಡ್ ಪುಸ್ತಕ ತೆರೆದಳು. "ಅಕ್ಷರ ಕಾಣುತ್ತೆ, ಓದೋಕೆ ಬರಲ್ಲ" ಅಂದರು ಅಣ್ಣ. ಅವಳ ಪುಸ್ತಕದಲ್ಲಿ ಐಡೆಂಟಿಫೈ ಇರಲಿಲ್ಲ.

ಇಲ್ಲಿಂದ ಶುರುವಾಯಿತು ನೋಡಿ. ಐಡೆಂಟಿಫೈ 1ನೇ ಲೆವೆಲ್ ಮಂತ್ರ. ಅದರ ಸ್ಕ್ರೋಲ್ (ಒಮ್ಮೆ ಮಾತ್ರ ಬಳಸಬಹುದಾದ ಮಂತ್ರದ ಸುರುಳಿ) ಹ್ಯಾಂಡ್‌ಬುಕ್‌ನ ಸಾಮಾನು ಪಟ್ಟಿಯಲ್ಲೇ 50 ವರಹಕ್ಕೆ ಸಿಗುತ್ತದೆ. ಪೇಟೆಗೆ ಇಳಿದು ಒಂದು ತಂದೆವು. ಈಗ ಎರಡು ದಾರಿ. ಸ್ಕ್ರೋಲ್ ಓದಿ ನೇರ ಮಂತ್ರ ಹಾಕಿದರೆ ಸಾಮಗ್ರಿ ಬೇಡ, ಕೆಲಸ ಆಗುತ್ತದೆ, ಆದರೆ ಸ್ಕ್ರೋಲ್ ಅಲ್ಲಿಗೆ ಮುಗಿಯಿತು, ಮುಂದೆ ಇನ್ನೊಂದು ಪುಸ್ತಕ ಸಿಕ್ಕಿದರೆ ಮತ್ತೆ 50. ಇನ್ನೊಂದು ದಾರಿ, ಸ್ಕ್ರೋಲ್‌ನಿಂದ ಆ ಮಂತ್ರವನ್ನೇ ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುವುದು. ಅದಕ್ಕೆ ಮತ್ತೆ 50 ವರಹ, 2 ಗಂಟೆ. ಸ್ಕ್ರೋಲ್ ಆದ್ದರಿಂದ ದಾಳವೂ ಇದೆ, ಅರ್ಕಾನಾ (ಮಂತ್ರವಿದ್ಯೆಯ ತಿಳಿವಳಿಕೆ) ಅನ್ನುವ ಕೌಶಲ್ಯದಲ್ಲಿ ದಾಳ ಮತ್ತು ಪಾತ್ರದ ಅಂಕ ಕೂಡಿಸಿ 11 ಅಥವಾ ಜಾಸ್ತಿ ಬರಬೇಕು. ಗೆದ್ದರೂ ಸೋತರೂ ಸ್ಕ್ರೋಲ್ ಸುಟ್ಟುಹೋಗುತ್ತದೆ. ಆಮೇಲೆ ಆ ಮಂತ್ರ ಹಾಕೋಕೆ 100 ವರಹದ ಒಂದು ಮುತ್ತು ಬೇಕು, ಅದು ಖರ್ಚಾಗುವುದಿಲ್ಲ, ಒಮ್ಮೆ ಇದ್ದರೆ ಸಾಕು. ಒಟ್ಟು 200 ವರಹ, ಆದರೆ ಜೀವಮಾನಕ್ಕೆ ಕೀಲಿಕೈ.

"ಲೇ, ಒಂದ್ಸಲ ಓದಿ ಮುಗಿಸು, ನನ್ನ ಕವಚ ಏನಾಗಬೇಕು?" ಅಂತ ನಾನು. ಪ್ಲೇಟ್ ಆರ್ಮರ್ 1,500 ವರಹ, ಅದಕ್ಕೇ ಕೂಡಿಡುತ್ತಿದ್ದೆವು. ಅವಳು ಖಾತೆ ಪುಸ್ತಕ ಬಿಚ್ಚಿ ಲೆಕ್ಕ ತೋರಿಸಿದಳು. "ನಾಲ್ಕು ಪುಸ್ತಕ ಸಿಕ್ಕಿದ್ರೆ ಹಾಕಿದ ದುಡ್ಡು ವಾಪಸ್ ಬಂತು. ಐದನೇದ್ರಿಂದ ಲಾಭ. ಮ್ಯಾಜಿಕ್ ಖಡ್ಗ ಗಿಡ್ಗ ಸಿಕ್ಕಿದ್ರೆ ಅದು ಏನು ಅಂತ ನೋಡೋಕೂ ಇದೇ ಮಂತ್ರ ಬೇಕಲ್ವಾ?" ವ್ಯಾಪಾರದ ಮನೆಯವಳ ಮುಂದೆ ಏನು ಹೇಳೋದು. ದಾಳದಲ್ಲಿ 14 ಬಿತ್ತು, ಅವಳ 7 ಕೂಡಿಸಿ 21, ಇಳಿಯಿತು. ಮುತ್ತು ಮಾತ್ರ ಪೇಟೆಯಲ್ಲಿ ಇಲ್ಲ ಅಂದರು ಅಣ್ಣ. ಅಕ್ಕ ತಂಗಿ ಹೊಂಡದ ತಳದಲ್ಲಿ ಒಂದಿದೆಯಂತೆ ಅಂತ ಸುದ್ದಿ ಬಿಟ್ಟರು. ಅಲ್ಲಿಗೆ ಒಂದು ಇಡೀ ಭಾನುವಾರದ ಆಟ. ಕೊನೆಗೆ ಮುತ್ತು ಕೈಗೆ ಬಂದು, ರಿಚುಯಲ್ (ಜಾಸ್ತಿ ಹೊತ್ತು ಹಿಡಿಯುವ ವಿಧಿ) ಆಗಿ 11 ನಿಮಿಷ ಕೂತು ಐಡೆಂಟಿಫೈ ಹಾಕಿದಾಗ ಒಳಗೆ ಸಿಕ್ಕಿದ್ದು ಫ್ಲೈ, ಕೌಂಟರ್‌ಸ್ಪೆಲ್ (ಎದುರಾಳಿಯ ಮಂತ್ರ ತಡೆಯುವುದು), ಲಿಯೋಮಂಡ್ಸ್ ಟೈನಿ ಹಟ್. ಮೂರೂ 3ನೇ ಲೆವೆಲ್. ಇಳಿಸಿಕೊಳ್ಳೋಕೆ ಇನ್ನು 450 ವರಹ, 18 ಗಂಟೆ. ಕವಚ ಮುಂದಕ್ಕೆ ಹೋಯಿತು. ಆದರೆ ಆ ಕೌಂಟರ್‌ಸ್ಪೆಲ್ ಇಲ್ಲದಿದ್ದರೆ ಮುಂದೆ ಹಿಡಿಂಬೇಶ್ವರದ ಹತ್ತಿರ ನಾವೆಲ್ಲ ಸುಟ್ಟು ಬೂದಿ ಆಗುತ್ತಿದ್ದೆವು, ಅದನ್ನೂ ಹೇಳಬೇಕು.

ಒಂದು ಸಾಲಿನ ನಿಯಮ ಇಷ್ಟು ಆಟ ಕೊಟ್ಟಿತು. ಹಾಗಾದರೆ ಪೂರ್ತಿ ಅಂಕ ಕೊಡಬೇಕಲ್ಲ? ಕೊಡುವುದಿಲ್ಲ. ಯಾಕೆಂದರೆ ಆ ಸಾಲು ಅಲ್ಲಿಗೇ ನಿಲ್ಲುತ್ತದೆ. ಒಮ್ಮೆ ಐಡೆಂಟಿಫೈ ಹಾಕಿದರೆ ಪುಸ್ತಕ ಎಷ್ಟು ಹೊತ್ತು ಓದೋಕೆ ಬರುತ್ತದೆ? 18 ಗಂಟೆ ಕೂತು ನಕಲು ಮಾಡುವವರೆಗೂ ತೆರೆದೇ ಇರುತ್ತದಾ? ಪಾರ್ಟಿಯಲ್ಲಿ ಇಬ್ಬರು ವಿಝಾರ್ಡ್ ಇದ್ದರೆ, ಒಬ್ಬರು ಪಕ್ಕದಲ್ಲಿ ಕೂತು ಓದಿ ಹೇಳಿದರೆ ಸಾಕಾಗಲ್ವಾ? ಹೇಳಿಲ್ಲ. ಸ್ಕ್ರೋಲ್‌ನಿಂದ ಇಳಿಸುವಾಗ ದಾಳ ಸೋತರೆ ಸ್ಕ್ರೋಲ್ ಹೋಯಿತು ಸರಿ, ಆದರೆ ಶಾಯಿಗೆ ಹಾಕಿದ ದುಡ್ಡು? ಅದೂ ಹೇಳಿಲ್ಲ. ಜೊತೆಗೆ ಸ್ಕ್ರೋಲ್‌ನಿಂದ ಇಳಿಸುವಾಗಿನ ದಾಳದ ನಿಯಮ ವಿಝಾರ್ಡ್ ಅಧ್ಯಾಯದಲ್ಲಿ ಇಲ್ಲ, ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಮ್ಯಾಜಿಕ್ ವಸ್ತುಗಳ ಪಟ್ಟಿಯೊಳಗೆ, ಸ್ಪೆಲ್ ಸ್ಕ್ರೋಲ್ ವಿವರಣೆಯಲ್ಲಿದೆ. ವಿಝಾರ್ಡ್ ಆಡುವವರು ಮೊದಲು ತಿಳಿದುಕೊಳ್ಳಬೇಕಾದ ಮಾತನ್ನು ಅವರು ಕೊಳ್ಳದ ಪುಸ್ತಕದಲ್ಲಿ ಇಡುವುದು ಸರಿಯಲ್ಲ. ಹೊಸಬರು ದಾಳ ಇಲ್ಲ ಅಂದುಕೊಂಡೇ ಬಂದು, ಆಟದ ಮಧ್ಯೆ ದಾಳ ಇದೆ ಅಂದಾಗ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ.

ಆ ದಾಳ ಎಷ್ಟು ಕಷ್ಟ ಅಂತಲೂ ಹೇಳಿಬಿಡುತ್ತೇನೆ. 10ಕ್ಕೆ ಮಂತ್ರದ ಲೆವೆಲ್ ಕೂಡಿಸಿದಷ್ಟು ಬರಬೇಕು. 5ನೇ ಲೆವೆಲ್, ಇಂಟೆಲಿಜೆನ್ಸ್ 18, ಅರ್ಕಾನಾ ಕಲಿತಿದ್ದರೆ 7 ಸೇರುತ್ತದೆ. ಫೈರ್‌ಬಾಲ್ ಸ್ಕ್ರೋಲ್‌ಗೆ 13 ಬೇಕು, ಅಂದರೆ 20 ಮುಖದ ದಾಳದಲ್ಲಿ 6 ಅಥವಾ ಜಾಸ್ತಿ ಬಿದ್ದರೆ ಆಯಿತು, ನೂರಕ್ಕೆ 75. 2ನೇ ಲೆವೆಲ್‌ನಲ್ಲಿ ಸ್ಕಾಲರ್ ಅನ್ನುವ ಹೊಸ ಸೌಲಭ್ಯ ಕೊಟ್ಟಿದ್ದಾರೆ, ಅದರಲ್ಲಿ ಅರ್ಕಾನಾ ಆರಿಸಿಕೊಂಡರೆ 7ರ ಬದಲು 10 ಸೇರುತ್ತದೆ, ಆಗ ನೂರಕ್ಕೆ 90. ಇದು ನನಗೆ ಹಿಡಿಸಿತು. ಓದಿನಲ್ಲಿ ಪರಿಣತಿ ಇರುವವನು ಕಲಿಯುವುದರಲ್ಲೂ ಮುಂದಿರಬೇಕು. ವಿಝಾರ್ಡ್ ಆಡುವ ಯಾರಿಗಾದರೂ ನನ್ನ ಸಲಹೆ, ಬೇರೆ ಏನೂ ಯೋಚಿಸಬೇಡಿ, ಸ್ಕಾಲರ್‌ಗೆ ಅರ್ಕಾನಾ ಹಾಕಿ.

ಸಬ್‌ಕ್ಲಾಸ್ ವಿಷಯದಲ್ಲಿ ನನಗೆ ಸ್ವಲ್ಪ ಬೇಜಾರಿದೆ. 2014ರಲ್ಲಿ ವಿಝಾರ್ಡ್‌ನ ಸಬ್‌ಕ್ಲಾಸ್‌ಗಳಾಗಿ ಮಂತ್ರವಿದ್ಯೆಯ ಎಂಟು ಶಾಲೆ ಇದ್ದವು, ಯಾವ ಶಾಲೆ ಸೇರಿದರೂ ಆ ಶಾಲೆಯ ಮಂತ್ರ ಇಳಿಸಿಕೊಳ್ಳೋಕೆ ಅರ್ಧ ದುಡ್ಡು, ಅರ್ಧ ಸಮಯ. 2024ರಲ್ಲಿ ನಾಲ್ಕೇ ಉಳಿದಿವೆ: ಅಬ್ಜ್ಯೂರರ್, ಡಿವೈನರ್, ಇವೋಕರ್, ಇಲ್ಯೂಷನಿಸ್ಟ್. ಅರ್ಧ ಬೆಲೆ ಹೋಗಿದೆ. ಬದಲಿಗೆ 3ನೇ ಲೆವೆಲ್‌ನಲ್ಲಿ ನಿಮ್ಮ ಶಾಲೆಯ ಎರಡು ಮಂತ್ರ ಪುಕ್ಕಟೆ, ಆಮೇಲೆ ಹೊಸ ಲೆವೆಲ್‌ನ ಸ್ಲಾಟ್ (ಮಂತ್ರ ಹಾಕಿದಾಗ ಖರ್ಚಾಗುವ ಶಕ್ತಿ) ತೆರೆದುಕೊಂಡಾಗಲೆಲ್ಲ ಒಂದೊಂದು. ಒಟ್ಟು 9 ಬರುತ್ತವೆ. ಸ್ಕ್ರೋಲ್ ಕೊಡೋದನ್ನು ಮರೆಯುವ ಡಿಎಂ ಕೈಗೆ ಸಿಕ್ಕಿದವರಿಗೆ ಇದು ವರ, ಒಪ್ಪುತ್ತೇನೆ. ಆದರೆ ಅರ್ಧ ಬೆಲೆ ಅನ್ನುವುದು ಹೊರಗೆ ಹೋಗಿ ಹುಡುಕು ಅಂತ ತಳ್ಳುತ್ತಿತ್ತು. ಪುಕ್ಕಟೆ ಅನ್ನುವುದು ಮನೆಯಲ್ಲೇ ಕೂತಿರು ಅನ್ನುತ್ತದೆ. ನನಗೆ ಎರಡೂ ಬೇಕಿತ್ತು, ಪುಕ್ಕಟೆ ಸ್ವಲ್ಪ ಕಡಿಮೆ ಮಾಡಿ ಅರ್ಧ ಬೆಲೆ ಉಳಿಸಬಹುದಿತ್ತು.

ಕಲಿತ ಮಂತ್ರ ಬಳಸುವ ಕಡೆ ಮಾತ್ರ ಪುಸ್ತಕ ನಿಜವಾಗಿ ಗೆದ್ದಿದೆ. ಸ್ಪೆಲ್‌ಬುಕ್‌ನಲ್ಲಿ ಎಷ್ಟಿದ್ದರೂ ದಿನಕ್ಕೆ ತಯಾರಿ ಮಾಡಿಕೊಳ್ಳೋಕೆ ಆಗುವುದು ಕೆಲವೇ. ಮೊದಲು ಅದು ಬುದ್ಧಿಯ ಅಂಕ, ಲೆವೆಲ್ ಎರಡರ ಮೇಲೂ ನಿಂತಿತ್ತು, ಈಗ ಲೆವೆಲ್‌ಗೆ ಇಷ್ಟು ಅಂತ ಪಟ್ಟಿ ಇದೆ. 1ನೇ ಲೆವೆಲ್‌ಗೆ 4, 5ನೇ ಲೆವೆಲ್‌ಗೆ 9, 20ಕ್ಕೆ 25. ಲೆಕ್ಕ ಸುಲಭ. ಇದಕ್ಕಿಂತ ದೊಡ್ಡದು 5ನೇ ಲೆವೆಲ್‌ನ ಮೆಮೊರೈಸ್ ಸ್ಪೆಲ್. ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿಶ್ರಾಂತಿ) ಮುಗಿದ ಮೇಲೆ ತಯಾರಿ ಮಾಡಿಕೊಂಡ ಒಂದನ್ನು ಬಿಟ್ಟು ಪುಸ್ತಕದಲ್ಲಿರುವ ಇನ್ನೊಂದನ್ನು ಹಾಕಿಕೊಳ್ಳಬಹುದು. ಮೊದಲೆಲ್ಲ ರಾತ್ರಿ ಮಲಗಿ ಏಳುವವರೆಗೂ ಕಾಯಬೇಕಿತ್ತು. ಹಾಗಾಗಿ ಅಪರೂಪಕ್ಕೆ ಬೇಕಾಗುವ ಮಂತ್ರಗಳನ್ನು ದುಡ್ಡು ಕೊಟ್ಟು ಇಳಿಸಿಕೊಂಡರೂ ತಯಾರಿ ಮಾಡಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ, ಪುಸ್ತಕದಲ್ಲಿ ಸುಮ್ನೆ ಬಿದ್ದಿರುತ್ತಿದ್ದವು. ಈಗ ಬಾಗಿಲ ಮುಂದೆ ಬಂದು ನಿಂತು, ಒಂದು ಗಂಟೆ ಕೂತು, ಬಾಗಿಲಿಗೆ ತಕ್ಕ ಮಂತ್ರ ತೆಗೆಯಬಹುದು. ಜಾಸ್ತಿ ಕಲಿತವನಿಗೆ ಜಾಸ್ತಿ ಲಾಭ. ರಿಚುಯಲ್ ಗುರುತು ಇರುವ ಮಂತ್ರಗಳಿಗಂತೂ ತಯಾರಿಯೂ ಬೇಡ, ಪುಸ್ತಕ ನೋಡಿ 10 ನಿಮಿಷ ಜಾಸ್ತಿ ಕೂತರೆ ಆಯಿತು, ಸ್ಲಾಟ್ ಕೂಡ ಖರ್ಚಿಲ್ಲ. ಟೈನಿ ಹಟ್ ಹೀಗೇ ಹಾಕುತ್ತಾಳೆ ನಮ್ಮವಳು, 8 ಗಂಟೆ ನೆಮ್ಮದಿಯ ನಿದ್ದೆ.

ಇನ್ನೊಂದು ಲೆಕ್ಕ, ಹೊಸದಾಗಿ ಆಡುವವರು ಬರೆದಿಟ್ಟುಕೊಳ್ಳಿ. ಲೆವೆಲ್ ಏರಿದಾಗ ಬರುವ ಎರಡು ಪುಕ್ಕಟೆ ಮಂತ್ರಗಳನ್ನು ಸಾಧ್ಯವಾದಷ್ಟು ದೊಡ್ಡ ಲೆವೆಲ್‌ನದ್ದೇ ಆರಿಸಿ. 3ನೇ ಲೆವೆಲ್ ಮಂತ್ರ ಪುಕ್ಕಟೆ ತಗೊಂಡರೆ 150 ವರಹ ಉಳಿಯಿತು. ಸಣ್ಣವನ್ನೂ ರಿಚುಯಲ್‌ಗಳನ್ನೂ ಸ್ಕ್ರೋಲ್ ಹುಡುಕಿ ದುಡ್ಡು ಕೊಟ್ಟು ಇಳಿಸಿಕೊಳ್ಳಿ. ಮತ್ತೆ, ಎರಡನೇ ಪ್ರತಿ ಮಾಡಿಟ್ಟುಕೊಳ್ಳಿ. ತನ್ನದೇ ಪುಸ್ತಕದಿಂದ ಇಳಿಸೋಕೆ ಲೆವೆಲ್‌ಗೆ 1 ಗಂಟೆ, 10 ವರಹ ಅಷ್ಟೇ. 5ನೇ ಲೆವೆಲ್ ವಿಝಾರ್ಡ್ ಹತ್ತಿರ, ಸಬ್‌ಕ್ಲಾಸ್‌ನವನ್ನು ಬಿಟ್ಟು, ಪುಕ್ಕಟೆ ಬಂದವೇ 14 ಮಂತ್ರ ಇರುತ್ತವೆ. 1ನೇ ಲೆವೆಲ್‌ನವು 8, 2ನೇದು 4, 3ನೇದು 2 ಅಂತ ಹಿಡಿದರೆ 220 ವರಹಕ್ಕೆ ಪೂರ್ತಿ ಪ್ರತಿ ತಯಾರು, ಖಾಲಿ ಪುಸ್ತಕದ ಬೆಲೆ ಬೇರೆ. ಪುಸ್ತಕ ಕಳೆದರೆ ಆ ಹೊತ್ತಿಗೆ ತಯಾರಿ ಮಾಡಿಕೊಂಡಿದ್ದನ್ನು ಮಾತ್ರ ಮತ್ತೆ ಬರೆಯಬಹುದು, ಉಳಿದದ್ದು ಹೋಯಿತು ಅಂತಲೇ. ಹೊಳೆ ದಾಟುವಾಗ, ಬೆಂಕಿಯಲ್ಲಿ, ಕಳ್ಳರ ಕೈಯಲ್ಲಿ, ಎಲ್ಲಿ ಬೇಕಾದರೂ ಹೋಗಬಹುದು.

ನನ್ನ ದೊಡ್ಡ ತಕರಾರು ಈಗ. ಈ ಪುಸ್ತಕ ವಿಝಾರ್ಡ್‌ಗೆ ಹುಡುಕು ಅನ್ನುತ್ತದೆ, ಆದರೆ ಎಷ್ಟು ಸಿಗಬೇಕು ಅನ್ನುವುದಕ್ಕೆ ಯಾವ ಅಂದಾಜೂ ಕೊಡುವುದಿಲ್ಲ. ಒಂದು ಲೆವೆಲ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎರಡು ಮಂತ್ರ ಸಿಗಬೇಕಾ, ಐದಾ, ಒಂದೂ ಇಲ್ಲದಿದ್ದರೆ ನಡೆಯುತ್ತದಾ? ಪೂರ್ತಿ ಡಿಎಂ ಮೇಲೆ ಬಿಟ್ಟಿದ್ದಾರೆ. ಒಳ್ಳೆ ಡಿಎಂ ಇದ್ದರೆ ಟಂಕಸಾಲೆಯ ಗೋಡೆಯಲ್ಲಿ ಪುಸ್ತಕ ಸಿಗುತ್ತದೆ, ಇಲ್ಲದಿದ್ದರೆ 20 ಲೆವೆಲ್‌ನಲ್ಲಿ ಒಂದೂ ಸಿಗದೆ ಆ ಪುಕ್ಕಟೆ ಮಂತ್ರಗಳಲ್ಲೇ ಆಟ ಮುಗಿಯುತ್ತದೆ. ಆಗ ವಿಝಾರ್ಡ್‌ಗೂ ಸಾರ್ಸರರ್‌ಗೂ ಏನು ವ್ಯತ್ಯಾಸ? ಡಿಎಂಗೆ ಒಂದು ಅರ್ಧ ಪುಟದ ಮಾರ್ಗದರ್ಶನ ಸಾಕಿತ್ತು. ನಾವು ನಮ್ಮದೇ ಮಾಡಿಕೊಂಡಿದ್ದೇವೆ. ಪ್ರತಿ ದೊಡ್ಡ ಜಾಗದಲ್ಲೂ ಮಂತ್ರದ ಒಂದು ಮೂಲ ಇರಲೇಬೇಕು, ಪುಸ್ತಕವೋ, ಸ್ಕ್ರೋಲೋ, ಕಲಿಸುವ ಮುದುಕಿಯೋ, ಕಲ್ಲಿನ ಮೇಲಿನ ಶಾಸನವೋ. ಅದು ಎಲ್ಲಿದೆ ಅಂತ ಡಿಎಂ ಹೇಳಬೇಕಿಲ್ಲ, ಇರಬೇಕು ಅಷ್ಟೇ. ಒಮ್ಮೆ ಐಡೆಂಟಿಫೈ ಹಾಕಿದ ಪುಸ್ತಕ ಆ ವಿಝಾರ್ಡ್‌ಗೆ ಖಾಯಂ ತೆರೆದುಕೊಳ್ಳುತ್ತದೆ. ಒಡೆಯ ಪಕ್ಕದಲ್ಲಿ ಕೂತು ಓದಿ ಹೇಳಿದರೆ ಐಡೆಂಟಿಫೈ ಬೇಡ. ದಾಳ ಸೋತರೆ ಸ್ಕ್ರೋಲ್ ಹೋಗುತ್ತದೆ, ದುಡ್ಡು ಅರ್ಧ ಉಳಿಯುತ್ತದೆ.

ಆ ಕೊನೆಯದು ನಮ್ಮ ತಲೆಯಿಂದ ಬಂದದ್ದಲ್ಲ, ಪಾತ್‌ಫೈಂಡರ್ ಅನ್ನುವ ಇದೇ ಬಗೆಯ ಇನ್ನೊಂದು ಆಟದ 2019ರ ಎರಡನೇ ಆವೃತ್ತಿಯಿಂದ ಎತ್ತಿಕೊಂಡು ಬದಲಾಯಿಸಿದ್ದು. ಅಲ್ಲಿ ಲರ್ನ್ ಎ ಸ್ಪೆಲ್ ಅಂತ ಪ್ರತ್ಯೇಕ ನಿಯಮವೇ ಇದೆ. ಎಲ್ಲದಕ್ಕೂ ದಾಳ, ಆದರೆ ತುಂಬ ಚೆನ್ನಾಗಿ ಬಿದ್ದರೆ ಅರ್ಧ ಖರ್ಚು, ಸೋತರೆ ಮುಂದಿನ ಲೆವೆಲ್‌ನಲ್ಲಿ ಮತ್ತೆ ಪ್ರಯತ್ನ, ತೀರಾ ಕೆಟ್ಟದಾಗಿ ಬಿದ್ದರೆ ಮಾತ್ರ ಸಾಮಗ್ರಿಯ ಅರ್ಧ ನಷ್ಟ. ನಾಲ್ಕು ಫಲವನ್ನೂ ಬಿಡಿಸಿ ಹೇಳಿದ್ದಾರೆ, ಟೇಬಲ್‌ನಲ್ಲಿ ವಾದಕ್ಕೆ ಜಾಗವೇ ಇಲ್ಲ. ಡಿ ಅಂಡ್ ಡಿ ಬರೆಯುವವರು ಇದನ್ನು ನೋಡಿ ಕಲಿಯಲಿ.

ಪುಸ್ತಕದ ವಸ್ತು ಹೇಗಿದೆ? ಗಟ್ಟಿ ರಟ್ಟು, ಒಳ್ಳೆ ಕಾಗದ, ಅಕ್ಷರ ಸಣ್ಣದಾದರೂ ಓದಬಹುದು. ಮಂತ್ರಗಳು ಅಕ್ಷರಮಾಲೆ ಪ್ರಕಾರ ಒಂದೇ ಕಡೆ ಇವೆ, ಕ್ಲಾಸ್ ಪಟ್ಟಿ ಆಯಾ ಕ್ಲಾಸ್‌ನ ಜೊತೆಗೇ ಇದೆ, ಇದು ದೊಡ್ಡ ಅನುಕೂಲ, ಮೊದಲು ಪುಟ ಹಿಂದೆ ಮುಂದೆ ತಿರುವಿ ಸಾಕಾಗುತ್ತಿತ್ತು. ಊರಲ್ಲಿ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲೇ ತರಿಸಿದೆವು. ಬಂದಾಗ ಒಂದು ಮೂಲೆ ಜಜ್ಜಿಹೋಗಿತ್ತು, ಒಳಗೆ ಏನೂ ಆಗಿರಲಿಲ್ಲ. ಮಿರ್ಚಿ ಮಂಡಕ್ಕಿ ತಿನ್ನುತ್ತಾ ಆಡುವವರಿಗೆ ಒಂದು ಕಿವಿಮಾತು, ಆ ನುಣುಪು ಕಾಗದದ ಮೇಲೆ ಎಣ್ಣೆ ಅರಿಶಿನದ ಬೆರಳಚ್ಚು ಕೂತರೆ ಹೋಗುವುದಿಲ್ಲ. ನಮ್ಮ ಪ್ರತಿಯಲ್ಲಿ ವಿಝಾರ್ಡ್ ಪುಟವೇ ಹಳದಿ.

2024ರಲ್ಲಿ ಹೊರಬಂದಾಗ ಬೆಲೆ ಅಮೆರಿಕದಲ್ಲಿ 49.99 ಡಾಲರ್ ಇತ್ತು, ಇಲ್ಲಿ ಸಾವಿರಗಟ್ಟಲೆ ರೂಪಾಯಿ. ಒಬ್ಬೊಬ್ಬರೂ ಕೊಳ್ಳಬೇಡಿ, ಟೇಬಲ್‌ಗೆ ಒಂದು ಸಾಕು. ಕೊಳ್ಳುವ ಮೊದಲು 2025ರಲ್ಲಿ ಬಿಟ್ಟ ಎಸ್‌ಆರ್‌ಡಿ 5.2 (ಆಟದ ಮೂಲ ನಿಯಮಗಳ ಕಡತ) ಪಿಡಿಎಫ್ ಇಳಿಸಿಕೊಂಡು ಒಂದು ಸಣ್ಣ ಸಾಹಸ ಆಡಿ ನೋಡಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪೂರ್ತಿ ಉಚಿತ. ನಾನು ಮೇಲೆ ಹೇಳಿದ ವಿಝಾರ್ಡ್ ನಿಯಮವೂ, ಸ್ಕ್ರೋಲ್ ದಾಳದ ನಿಯಮವೂ ಅದರಲ್ಲಿವೆ, ಸಬ್‌ಕ್ಲಾಸ್ ಮಾತ್ರ ಇವೋಕರ್ ಒಂದೇ. ವಿಝಾರ್ಡ್ ಆಡುವವರು ಮುಂದಿನ ವಾರ ಬರುವಾಗ ಕೈಯಲ್ಲಿ ನೋಟ್‌ಬುಕ್ ಹಿಡಿದುಕೊಂಡು, ಇಂಥ ಮಂತ್ರ ಎಲ್ಲಿ ಸಿಗಬಹುದು ಅಂತ ಕೇಳೋಕೆ ಶುರು ಮಾಡಿದರೆ ಪುಸ್ತಕ ತರಿಸಿ.